ಮತದ ತೂಕವೂ ಮತದಾರನ ಗುರುತೂ: ಸ್ಟೀಮ್ ಜಾಲದ ಆಡಳಿತ ಚರಿತ್ರೆಯ ಒಂದು ಪರಿಶೀಲನೆ

ಅಸಮಾನವಾಗಿ ಹಣ ಹೂಡಿದ ಹಲವರು ಒಂದು ಸಂಸ್ಥೆಯನ್ನು ಕೂಡಿ ನಡೆಸಬೇಕಾದಾಗ ಮತಾಧಿಕಾರವನ್ನು ಹೇಗೆ ಹಂಚಬೇಕೆಂಬ ಪ್ರಶ್ನೆ ಹಳೆಯದು. ತಲೆಗೊಂದು ಮತವೆಂಬುದು ಒಂದು ಉತ್ತರ. ಹಣದಷ್ಟೇ ಮತವೆಂಬುದು ಮತ್ತೊಂದು. ಹಣ ಹೆಚ್ಚಿದಂತೆ ಮತವೂ ಹೆಚ್ಚಲಿ, ಆದರೆ ಅದೇ ಪ್ರಮಾಣದಲ್ಲಿ ಬೇಡವೆಂಬ ನಡುದಾರಿ ಮೂರನೆಯದು. 2016ರಿಂದ 2020ರವರೆಗೆ ಸ್ಟೀಮ್ ಎಂಬ ಸಾಮಾಜಿಕ ಜಾಲವು ಈ ಪ್ರಶ್ನೆಯೊಡನೆ ನಡೆಸಿದ ಹೋರಾಟವನ್ನು, ಹದಿನೆಂಟನೆಯ ಶತಮಾನದ ಈಸ್ಟ್ ಇಂಡಿಯಾ ಕಂಪೆನಿಯ ಅನುಭವದ ಪಕ್ಕದಲ್ಲಿರಿಸಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಮತವನ್ನು ತೂಗುವ ತಕ್ಕಡಿಯನ್ನು ಎಷ್ಟು ತಿದ್ದಿದರೂ, ಮತದಾರನು ಯಾರು, ಎಷ್ಟು ಕಾಲದಿಂದ ಅವನು ಸಂಸ್ಥೆಯಲ್ಲಿದ್ದಾನೆ ಎಂಬುದನ್ನು ಗಮನಿಸದ ಹೊರತು ನ್ಯಾಯ ದೊರೆಯದೆಂಬುದು ನಮ್ಮ ಅಭಿಪ್ರಾಯ.

ಬ್ಲಾಕ್‌ಚೈನ್ ಎಂದರೆ ಅನೇಕ ಗಣಕಯಂತ್ರಗಳು ಏಕಕಾಲದಲ್ಲಿ ಕಾಪಾಡಿಕೊಂಡು ಬರುವ ಒಂದು ಲೆಕ್ಕದ ಖಾತೆ. ನೆಡ್ ಸ್ಕಾಟ್ ಮತ್ತು ಡ್ಯಾನ್ ಲಾರಿಮರ್ ಎಂಬವರು ಸ್ಥಾಪಿಸಿದ ಸ್ಟೀಮ್ ಜಾಲವು 2016ರ ಮಾರ್ಚಿಯಲ್ಲಿ ಆರಂಭವಾಯಿತು. ಲೇಖನಗಳಿಗೆ ಓದುಗರು ಮತ ನೀಡುವುದು, ಆ ಮತಗಳಿಗನುಸಾರವಾಗಿ ಹೊಸ ನಾಣ್ಯಗಳು ಲೇಖಕರಿಗೂ ಮತದಾರರಿಗೂ ಹಂಚಿಹೋಗುವುದು ಅದರ ಕ್ರಮ. ಓದುಗನ ಮತದ ತೂಕವು ಅವನು ಜಾಲದಲ್ಲಿ ಕಟ್ಟಿಟ್ಟ ಇಡುಗಂಟನ್ನು ಅವಲಂಬಿಸಿತ್ತು. ಖಾತೆಯನ್ನು ನಡೆಸುವ ‘ಸಾಕ್ಷಿ’ಗಳ ಆಯ್ಕೆಯೂ ಇದೇ ತೂಕದ ಮೇಲೆ ನಡೆಯುತ್ತಿತ್ತು. ಆದುದರಿಂದ ಬಹುಮಾನದ ಹಂಚಿಕೆ, ಆಡಳಿತ ಇವೆರಡೂ ಒಂದೇ ತಕ್ಕಡಿಗೆ ಸೇರಿದ್ದವು.

ಮೊದಲು ಬಹುಮಾನದ ವಿಚಾರ. ಆರಂಭದಲ್ಲಿ ಒಂದು ಲೇಖನಕ್ಕೆ ಬಿದ್ದ ಒಟ್ಟು ತೂಕದ ವರ್ಗವನ್ನು ಲೆಕ್ಕಕ್ಕೆ ಹಿಡಿಯುತ್ತಿದ್ದರು. ಒಂದರಷ್ಟು ತೂಕವುಳ್ಳ ಹತ್ತು ಮಂದಿ ಮೆಚ್ಚಿದ ಲೇಖನದ ಎಣಿಕೆ 100. ನೂರರಷ್ಟು ತೂಕವುಳ್ಳ ಒಬ್ಬನೇ ಮೆಚ್ಚಿದ ಲೇಖನದ ಎಣಿಕೆ 10,000. ಹಲವರು ಒಮ್ಮತದಿಂದ ಮೆಚ್ಚಿದುದಕ್ಕೆ ಮನ್ನಣೆ ಸಿಗಲೆಂಬ ಆಶಯವೇನೋ ಇದ್ದಿತು. ಫಲವಾಗಿ ಹಿರಿಯ ಹೂಡಿಕೆದಾರರ ಒಲವೇ ಎಲ್ಲವನ್ನೂ ನಿರ್ಣಯಿಸತೊಡಗಿತು. 2017ರ ಜೂನಿನಲ್ಲಿ ಈ ನಿಯಮವನ್ನು ಕೈಬಿಟ್ಟು ತೂಕಕ್ಕೆ ಸರಿಸಮನಾದ ಬಹುಮಾನವನ್ನು ಗೊತ್ತುಮಾಡಲಾಯಿತು. ಸಣ್ಣವರ ಮತಕ್ಕೂ ಬೆಲೆ ಬಂದಿತು. ಆದರೆ ತಮ್ಮ ಲೇಖನಕ್ಕೆ ತಾವೇ ಮತ ಹಾಕಿಕೊಳ್ಳುವುದೂ, ಮತಗಳನ್ನು ಹಣಕ್ಕೆ ಮಾರುವುದೂ ಲಾಭಕರವಾಯಿತು. 2019ರ ಆಗಸ್ಟಿನಲ್ಲಿ ಮತ್ತೊಂದು ತಿದ್ದುಪಡಿ: ಕಡಮೆ ತೂಕ ಬಿದ್ದ ಲೇಖನಗಳಿಗೆ ಪ್ರಮಾಣಕ್ಕಿಂತ ಕಡಮೆ ಬಹುಮಾನ, ವಿರೋಧ ಮತಕ್ಕೆ ಪ್ರತ್ಯೇಕ ಅವಕಾಶ, ಲೇಖಕನಿಗೂ ಮತದಾರನಿಗೂ ಸಮಪಾಲು. ಮೋಸವನ್ನು ತಡೆಯಲು ಮಾಡಿದ ಈ ನಿಯಮದ ಭಾರ, ಮೋಸವನ್ನರಿಯದ ಸಣ್ಣ ಲೇಖಕರ ಮೇಲೂ ಬಿದ್ದಿತು.

ಹಾಗಾದರೆ ನಡುದಾರಿಯನ್ನು ಏಕೆ ಹಿಡಿಯಲಿಲ್ಲ? ತೂಕದ ವರ್ಗದ ಬದಲು ವರ್ಗಮೂಲವನ್ನು ಹಿಡಿದರೆ ನೂರು ನಾಣ್ಯದವನಿಗೆ ಹತ್ತೇ ಮತ. ಆದರೆ ಆತನು ಒಂದೊಂದು ನಾಣ್ಯವನ್ನು ಒಂದೊಂದು ಹೆಸರಿನಲ್ಲಿಟ್ಟು ನೂರು ಖಾತೆಗಳನ್ನು ತೆರೆದರೆ ನೂರು ಮತಗಳೂ ಅವನವೇ. ಖಾತೆಯ ಹಿಂದಿನ ಮನುಷ್ಯನನ್ನು ಗುರುತಿಸಲಾಗದ ಕಡೆ, ಉದಾರವಾದ ನಿಯಮವೇ ಹುಸಿ ಹೆಸರುಗಳಿಗೆ ಆಹ್ವಾನವಾಗುತ್ತದೆ.

ಇದು ಗಣಕಯಂತ್ರದ ಯುಗ ತಂದ ಪೀಡೆಯಲ್ಲ. ಈಸ್ಟ್ ಇಂಡಿಯಾ ಕಂಪೆನಿಯಲ್ಲಿ 500 ಪೌಂಡುಗಳ ಬಂಡವಾಳವುಳ್ಳವನಿಗೆ ಒಂದು ಮತ. ಎಷ್ಟು ಸಾವಿರ ಪೌಂಡುಗಳಿದ್ದರೂ ಒಂದೇ ಮತ. ಸಿರಿವಂತನನ್ನು ಹದ್ದಿನಲ್ಲಿಡುವ ನಿಯಮವೆಂದೇ ಇದು ತೋರುತ್ತದೆ. ಆದರೆ 1763ರ ನಿರ್ದೇಶಕರ ಚುನಾವಣೆಯಲ್ಲಿ, ಬಂಗಾಳದ ತನ್ನ ಜಹಗೀರಿಯನ್ನು ಉಳಿಸಿಕೊಳ್ಳಬಯಸಿದ ರಾಬರ್ಟ್ ಕ್ಲೈವನು ಸುಮಾರು 1,00,000 ಪೌಂಡುಗಳ ಬಂಡವಾಳವನ್ನು ಒಡೆದು ಮಿತ್ರರ ಹೆಸರುಗಳಿಗೆ ಹಂಚಿ ಇನ್ನೂರರಷ್ಟು ಮತಗಳನ್ನು ನಿರ್ಮಿಸಿದನು. ಎದುರಾಳಿ ಲಾರೆನ್ಸ್ ಸಲಿವನ್ನನ ಪಕ್ಷವೂ ಇದೇ ವಿದ್ಯೆಯನ್ನು ಪ್ರಯೋಗಿಸಿತು. ಆ ವರ್ಷ ಗೆದ್ದುದೂ ಅದೇ. ಇಲ್ಲಿ ಹೆಸರುಗಳೇನೂ ಕಲ್ಪಿತವಲ್ಲ. ಎಲ್ಲರೂ ಕಂಪೆನಿಯ ದಫ್ತರಿನಲ್ಲಿ ದಾಖಲಾದ ಜೀವಂತ ವ್ಯಕ್ತಿಗಳು. ಹಣ ಮಾತ್ರ ಬೇರೊಬ್ಬನದು.

ಪಾರ್ಲಿಮೆಂಟು ಕಂಡುಕೊಂಡ ಪರಿಹಾರವು ಗಮನಾರ್ಹವಾದುದು. 1767ರ ಶಾಸನವು ಬಂಡವಾಳವನ್ನು ಆರು ತಿಂಗಳ ಕಾಲ ಹೊಂದಿದ್ದವನಿಗೆ ಮಾತ್ರ ಮತಾಧಿಕಾರವನ್ನಿತ್ತಿತು. 1773ರ ನಿಯಂತ್ರಣ ಶಾಸನವು ಈ ಅವಧಿಯನ್ನು ಒಂದು ವರ್ಷಕ್ಕೇರಿಸಿ, 1,000 ಪೌಂಡಿಗೆ ಒಂದು, 3,000ಕ್ಕೆ ಎರಡು, 6,000ಕ್ಕೆ ಮೂರು, 10,000ಕ್ಕೆ ನಾಲ್ಕು ಮತಗಳೆಂದು ವಿಧಿಸಿತು. ಎರವಲು ಹೆಸರಿನ ವ್ಯಾಪಾರವು ಕಠಿಣವಾಯಿತು. ಜೊತೆಗೆ 500 ಪೌಂಡಿನ ಸಣ್ಣ ಹೂಡಿಕೆದಾರರು ಮತವನ್ನೇ ಕಳೆದುಕೊಂಡರು. ಸುಧಾರಣೆಯ ವೆಚ್ಚವನ್ನು ಸಣ್ಣವರೇ ತೆತ್ತುದು 1773ಕ್ಕೂ 2019ಕ್ಕೂ ಸಮಾನವಾದ ಅಂಶ.

ಈಗ ಆಡಳಿತದ ವಿಚಾರ. ಸ್ಟೀಮಿನಲ್ಲಿ ಪ್ರತಿಯೊಂದು ಖಾತೆಯೂ 30 ಸಾಕ್ಷಿಗಳಿಗೆ, ಪ್ರತಿಯೊಬ್ಬರಿಗೂ ತನ್ನ ಪೂರ್ಣ ತೂಕದಿಂದ, ಮತ ನೀಡಬಹುದಾಗಿತ್ತು. ಪ್ರಧಾನ ಸಾಕ್ಷಿಗಳಾದರೋ 20 ಮಂದಿ. ಅತ್ಯಧಿಕ ತೂಕವುಳ್ಳ ಒಂದು ಕೂಟವು ಇಪ್ಪತ್ತು ಸ್ಥಾನಗಳನ್ನೂ ತುಂಬಬಹುದಾಗಿತ್ತು; ಉಳಿದವರಿಗೆ ಒಂದೂ ದಕ್ಕಬೇಕೆಂದಿರಲಿಲ್ಲ. ಸ್ಥಾಪಕ ಸಂಸ್ಥೆಯ ಬಳಿ ನಾಣ್ಯಗಳ ಸುಮಾರು ಐದನೆಯ ಒಂದು ಪಾಲು ಇದ್ದಿತು. 2020ರ ಫೆಬ್ರವರಿಯಲ್ಲಿ ಆ ಸಂಸ್ಥೆಯನ್ನು ಟ್ರಾನ್ ಜಾಲದ ಜಸ್ಟಿನ್ ಸನ್ ಕೊಂಡುಕೊಂಡಾಗ, ಸಾಕ್ಷಿಗಳು ಆ ಪಾಲನ್ನು ತಡೆಹಿಡಿದರು. ಮಾರ್ಚಿ 2ರಂದು ಬೈನಾನ್ಸ್, ಹುವೋಬಿ, ಪೊಲೊನಿಯೆಕ್ಸ್ ಎಂಬ ವಿನಿಮಯ ಕೇಂದ್ರಗಳಲ್ಲಿದ್ದ ನಾಣ್ಯಗಳೂ ಮತದಾನಕ್ಕಿಳಿದುವು; ಇಪ್ಪತ್ತು ಸಾಕ್ಷಿಗಳೂ ಪದಚ್ಯುತರಾದರು. ಆ ನಾಣ್ಯಗಳು ಗ್ರಾಹಕರು ನಂಬಿ ಇಟ್ಟ ಠೇವಣಿ. ಬೈನಾನ್ಸ್ ಮತ್ತು ಹುವೋಬಿ ಬಳಿಕ ತಮ್ಮ ಮತಗಳನ್ನು ಹಿಂತೆಗೆದುಕೊಂಡುವು. ಆದರೆ ಅಸಮಾಧಾನಗೊಂಡ ಸದಸ್ಯರು ಮಾರ್ಚಿ 20ರಂದು ಖಾತೆಯ ಪ್ರತಿಯನ್ನು ಕೊಂಡೊಯ್ದು, ಸ್ಥಾಪಕ ಸಂಸ್ಥೆಯ ಪಾಲನ್ನು ಕೈಬಿಟ್ಟು, ಹೈವ್ ಎಂಬ ಬೇರೊಂದು ಜಾಲವನ್ನು ಹೂಡಿದರು.

ಇಡುಗಂಟನ್ನು ಬಿಡಿಸಿಕೊಳ್ಳಲು 13 ವಾರಗಳು ಹಿಡಿಯಬೇಕೆಂಬ ನಿಯಮವು ಸ್ಟೀಮಿನಲ್ಲಿ ಮೊದಲೇ ಇದ್ದಿತು. ಆದರೆ ಅದು ಮತದ ಅನಂತರದ ಬಂಧನ. ಮತಕ್ಕೆ ಮುಂಚಿನ ಕಾಯುವಿಕೆಯಲ್ಲ. ಬೆಳಗ್ಗೆ ಕಟ್ಟಿದ ಗಂಟು ಸಂಜೆಯೊಳಗೆ ಆಡಳಿತವನ್ನು ಉರುಳಿಸಬಹುದಾಗಿತ್ತು. ಹೈವ್ ಜಾಲವು 2020ರ ಅಕ್ಟೋಬರಿನಲ್ಲಿ, ಹೊಸ ಇಡುಗಂಟಿಗೆ 30 ದಿನಗಳ ಅನಂತರವೇ ಆಡಳಿತದ ಮತ ಲಭಿಸುವಂತೆ ಮಾಡಿತು. 1767ರ ಶಾಸನದ ತತ್ತ್ವವು ಇಲ್ಲಿ ಮರಳಿ ಕಾಣಿಸಿಕೊಂಡಿದೆ.

ತಲೆಗೊಂದು ಮತವೆಂಬ ಮೊದಲನೆಯ ಉತ್ತರವು ಸಫಲವಾಗುವುದೆಲ್ಲಿ? 1904ರ ಕಾಯಿದೆಯು, ಹೊಣೆಗಾರಿಕೆಯು ಷೇರಿಗೆ ಸೀಮಿತವಲ್ಲದ ಸಹಕಾರ ಸಂಘಗಳಲ್ಲಿ ಸದಸ್ಯನೊಬ್ಬನಿಗೆ ಒಂದೇ ಮತವೆಂದು ವಿಧಿಸಿತ್ತು. ಆ ಕಾಯಿದೆಯ ಮೇರೆಗೆ 1905ರಲ್ಲಿ ಗದಗದ ಬಳಿಯ ಕಣಗಿನಹಾಳದಲ್ಲಿ ಕೃಷಿ ಪತ್ತಿನ ಸಂಘವು ಸ್ಥಾಪಿತವಾಯಿತು. ಅಂಥ ಹಳ್ಳಿಯಲ್ಲಿ ಹುಸಿ ಸದಸ್ಯನಿಗೆ ಎಡೆಯಿಲ್ಲ. ನೆರೆಯವರ ಅರಿವೇ ಮತದಾರರ ಪಟ್ಟಿ. ಮುಖಪರಿಚಯವಿಲ್ಲದ ಜಾಲದಲ್ಲಿ ಆ ಅರಿವಿನ ಸ್ಥಾನವನ್ನು ಕಾಲವು ಒಂದಿಷ್ಟು ತುಂಬಬಲ್ಲದು, ಪೂರ್ಣವಾಗಿ ತುಂಬಲಾರದು. ಮೂವತ್ತು ದಿನ ಕಾಯುವ ತಾಳ್ಮೆಯು ಸಿರಿವಂತನಿಗೂ ಉಂಟು. ಕಾಯುವಿಕೆಯಿಂದ ದೊರೆಯುವುದು ಇಷ್ಟೇ: ಅಧಿಕಾರವು ಕೈಬದಲಾಗುವ ಮುನ್ನ ಉಳಿದವರಿಗೆ ಅದನ್ನು ಕಂಡು, ಕೂಡಿ, ಪ್ರತಿಭಟಿಸಲು ಸಮಯ. ಸಣ್ಣವನ ಮತಕ್ಕೆ ಬೆಲೆ ಬರಬೇಕಾದರೆ ಮೊದಲು ಅವನಿಗೆ ಈ ಸಮಯವಾದರೂ ದೊರೆಯಬೇಕೆಂದು ಈ ಎರಡು ಚರಿತ್ರೆಗಳಿಂದ ನಮಗೆ ವಿದಿತವಾಗುತ್ತದೆ.