ತೊಕಾಯ್: ಇಬ್ಭಾಗವಾದ ದ್ರಾಕ್ಷಿಯ ಸೀಮೆ

ಹಂಗೆರಿ ದೇಶದ ಈಶಾನ್ಯದಲ್ಲಿ, ಬೊದ್ರೊಗ್ ನದಿಯು ತಿಸಾ ನದಿಯನ್ನು ಕೂಡುವೆಡೆ, ತೊಕಾಯ್ ಎಂಬ ಸಣ್ಣ ಊರುಂಟು. ಶರತ್ಕಾಲದ ಬೆಳಗಿನಲ್ಲಿ ಈ ನದಿಗಳ ಮಂಜು ಸುತ್ತಣ ಗುಡ್ಡಗಳನ್ನು ಕವಿಯುವುದು. ಹಗಲಿನ ಬಿಸಿಲು ಅದನ್ನು ಕರಗಿಸುವುದು. ಈ ತೇವ, ಈ ಬಿಸಿಲು ಸೇರಿ ಫುರ್ಮಿಂತ್ ದ್ರಾಕ್ಷಿಯ ಮೇಲೆ ಒಂದು ಬಗೆಯ ಬೂಷ್ಟನ್ನು ಬೆಳೆಸುತ್ತವೆ. ಬೇರೆಡೆ ಬೂಷ್ಟು ಹಿಡಿದ ಹಣ್ಣು ತಿಪ್ಪೆಯ ಪಾಲು. ಇಲ್ಲಿಯಾದರೋ ಹಾಗೆ ಸುಕ್ಕಿದ ಹಣ್ಣನ್ನೇ ಒಂದೊಂದಾಗಿ ಆಯ್ದು, ಜೇನಿನಂತಹ ‘ಅಸೂ’ ಎಂಬ ಮದ್ಯವನ್ನು ಮಾಡುವರು. ಮದ್ಯಪಾನದ ವಿಷಯದಲ್ಲಿ ನಮ್ಮ ಮತವೇನೇ ಇರಲಿ, ಆ ಒಕ್ಕಲಿಗರ ತಾಳ್ಮೆಗೆ ತಲೆದೂಗಬೇಕು.

ಈ ಸೀಮೆಯ ಎಲ್ಲೆಯನ್ನು 1737ರಷ್ಟು ಹಿಂದೆಯೇ ರಾಜಶಾಸನವು ಗೊತ್ತುಮಾಡಿತ್ತು. ಆ ಎಲ್ಲೆಯನ್ನು ಎಳೆದದ್ದು ಬಳ್ಳಿಯನ್ನು ನೋಡಿ. 1920ರ ಜೂನ್ 4ರಂದು ತ್ರಿಯಾನೋ ಕೌಲಿನಲ್ಲಿ ಎಳೆದ ಗೆರೆ ಅಂತಹುದಲ್ಲ. ಹೊಸದಾಗಿ ಹುಟ್ಟಿದ ಜೆಕೊಸ್ಲೊವಾಕಿಯಕ್ಕೆ ಆ ಭಾಗದ ಕಬ್ಬಿಣದ ಹಾದಿ ಬೇಕಾಗಿತ್ತು. ಶಾತೊರಾಯ್ಯೊವುಯ್ಹೆಯ್ ಪಟ್ಟಣವನ್ನು ರೊನ್ಯವ ಎಂಬ ತೊರೆಯ ಮೇಲೆ ಸೀಳಿದರು. ತೊರೆಯಾಚೆಯ ಕೇರಿಯೂ ರೈಲುಹಾದಿಯೂ ಹೊಸ ರಾಜ್ಯಕ್ಕೆ ಸಂದವು. ಆ ತೊರೆಯಲ್ಲಿ ನೌಕೆಗಳು ಸಂಚರಿಸಬಲ್ಲವೆಂದು ಸಂಧಾನಸಭೆಯಲ್ಲಿ ವಾದಿಸಿದರೆಂಬ ಕಥೆಯೂ ಪ್ರಚಾರದಲ್ಲಿದೆ. ಮಾಲಾ ತ್ರ್ನ್ಯ, ವಿನಿಚ್ಕಿ ಮೊದಲಾದ ಹಳ್ಳಿಗಳ ತೋಟಗಳು ಹೀಗೆ ರೈಲಿನ ಬೆನ್ನುಹತ್ತಿ ಪರದೇಶಕ್ಕೆ ಸೇರಿದುವು! 1938ರಲ್ಲಿ ಗಡಿ ಸರಿಯಿತು. ಯುದ್ಧವು ಮುಗಿದ ಮೇಲೆ ಪುನಃ ಮೊದಲಿನೆಡೆಗೆ ಬಂತು.

ನೆಲವನ್ನು ಹಂಚಬಹುದು, ಹೆಸರನ್ನು ಹಂಚುವುದೆಂತು? ಇಟಲಿಯವರು ತಮ್ಮ ಬೇರೊಂದು ದ್ರಾಕ್ಷಿಗೆ ಇಟ್ಟುಕೊಂಡಿದ್ದ ‘ತೊಕಾಯ್’ ಎಂಬ ಹೆಸರನ್ನು ಹಂಗೆರಿಯು 2007ರಲ್ಲಿ ಬಿಡಿಸಿತು. ಅದು ಸುಲಭ, ಅವರು ದೂರದವರು. ತೊರೆಯಾಚೆಯವರ ಮಾತು ಬೇರೆ. ಅವರ ತೋಟದಲ್ಲಿಯೂ ಅದೇ ಫುರ್ಮಿಂತ್, ಅದೇ ಬೂಷ್ಟು. ಅವರು ಹೆಸರನ್ನು ಕದ್ದವರಲ್ಲ, ಹೆಸರಿನೊಡನೆಯೇ ಗಡಿ ದಾಟಿದವರೆಂಬುದು ನಮ್ಮ ಭಾವನೆ. ಯೂರೋಪಿಯನ್ ಒಕ್ಕೂಟದ ಮದ್ಯಗಳ ದಾಖಲೆಯಲ್ಲಿ ಸ್ಲೊವಾಕಿಯದ ಸೀಮೆಯನ್ನು ‘ತೊಕಾಯ್’ ಎಂದು ಬರೆದುದಕ್ಕೆ ಹಂಗೆರಿಯು ವ್ಯಾಜ್ಯ ಹೂಡಿತು. ದಾಖಲೆಯ ಬರಹದಿಂದ ಹೊಸ ಹಕ್ಕೇನೂ ಹುಟ್ಟಲಿಲ್ಲ, ಆದಕಾರಣ ಈ ವ್ಯಾಜ್ಯವೇ ನಿಲ್ಲದೆಂದು 2012ರಲ್ಲಿ ತೀರ್ಪಾಯಿತು. ಮೇಲ್ಮನವಿಯೂ 2014ರ ಫೆಬ್ರವರಿಯಲ್ಲಿ ಬಿದ್ದುಹೋಯಿತು.

ಇಷ್ಟರೊಳಗೆ, 2007ರ ಡಿಸೆಂಬರಿನಲ್ಲಿಯೇ, ರೊನ್ಯವ ತೊರೆಯ ಮೇಲಣ ಗಡಿತಪಾಸಣೆ ನಿಂತುಹೋಗಿತ್ತು.