ಗಾವ್‌ಶಾನ್ ಚಾ ಮತ್ತು ನಮ್ಮಜ್ಜಿಯ ಚಾ

ಮೊನ್ನೆ ತೈವಾನಿಗೆ ಹೋಗಿಬಂದ ಸಹೋದ್ಯೋಗಿಯೊಬ್ಬರು ಒಂದು ಪೊಟ್ಟಣ ಕೊಟ್ಟರು. ಹೆಸರು 'ಗಾವ್‌ಶಾನ್ ಚಾ'. ಗಾವ್ ಅಂದ್ರೆ ಎತ್ತರ, ಶಾನ್ ಅಂದ್ರೆ ಬೆಟ್ಟ. ಕೊನೆಯ 'ಚಾ' ಕೇಳಿದ ಕೂಡಲೇ ಹೊಳಲ್ಕೆರೆಯ ನಮ್ಮಜ್ಜಿ ನೆನಪಾದರು!

ಅಜ್ಜಿಯ ತವರು ಹಾವೇರಿ ಕಡೆ. "ಚಾ ಕುಡಿತೀಯೇನೋ?" ಅಂತಿದ್ರು. ಚಿತ್ರದುರ್ಗದಲ್ಲಿ ಓದುತ್ತಿದ್ದ ನಾನು "ಚಾ ಅಲ್ಲಜ್ಜಿ, ಟೀ" ಅಂತ ತಿದ್ದುತ್ತಿದ್ದೆ. ಹಳ್ಳಿ ಮಾತು ಅಂತ ನಾಚಿಕೆ ನನಗೆ.

ಇತಿಹಾಸ ನೋಡಿದರೆ ಎರಡೂ ಪದ ಚೀನಾದವೇ. ಬರೆಯುವ ಅಕ್ಷರ ಒಂದೇ, ಓದುವುದು ಬೇರೆ. ಫುಜಿಯಾನ್ ಕರಾವಳಿಯವರು 'ತೆ' ಅಂದರು. 17ನೇ ಶತಮಾನದಲ್ಲಿ ಡಚ್ಚರು ಅದನ್ನು ಯುರೋಪಿಗೆ ಒಯ್ದರು, ಇಂಗ್ಲಿಷರ ಬಾಯಲ್ಲಿ 'ಟೀ' ಆಗಿ ನಮ್ಮಲ್ಲಿಗೆ ಬಂತು. ಚೀನಾದ ಬಹುಭಾಗದಲ್ಲಿ ಮಾತ್ರ ಅದು 'ಚಾ'. ಭೂಮಾರ್ಗವಾಗಿ ಪರ್ಷಿಯಾಕ್ಕೆ, ಮಕಾವ್‌ನಲ್ಲಿ ಪೋರ್ಚುಗೀಸರ ಬಾಯಿಗೆ ಹೋದದ್ದು ಇದೇ. ಹಿಂದಿಯ ಚಾಯ್, ಮರಾಠಿಯ ಚಹಾ, ಅಜ್ಜಿಯ ಚಾ ಎಲ್ಲ ಒಂದೇ ಬಳಗ.

ಅಂದ ಹಾಗೆ, ತೈವಾನಿನಲ್ಲಿ 1000 ಮೀಟರಿಗಿಂತ ಎತ್ತರದಲ್ಲಿ ಬೆಳೆದ ಚಹಾಕ್ಕೆ ಮಾತ್ರ ಗಾವ್‌ಶಾನ್ ಅನ್ನುವುದು ರೂಢಿ. ಆಲಿಶಾನ್, ಲಿಶಾನ್ ಬೆಟ್ಟಗಳದ್ದು ಹೆಸರುವಾಸಿ. ಚಳಿ, ಮಂಜಿನಲ್ಲಿ ಚಿಗುರು ನಿಧಾನವಾಗಿ ಬೆಳೆಯುತ್ತೆ, ಕಹಿ ಕಡಿಮೆ. ಬೆಲೆ ಭಾರಿಯಾದರೂ ಇದು ತೀರಾ ಹಳೆಯದಲ್ಲ. ಆ ಎತ್ತರದ ತೋಟಗಳು ಹಬ್ಬಿದ್ದು 1970-80ರ ದಶಕಗಳಲ್ಲಿ.

ಅಜ್ಜಿ ಈಗಿಲ್ಲ. ಹಾಲು, ಸಕ್ಕರೆ ಇಲ್ಲದ ಈ ಚಾ ಅವರಿಗೆ ಹಿಡಿಸುತ್ತಿರಲಿಲ್ಲ ಬಿಡಿ.. ಆದರೆ ಅದರ ಹೆಸರನ್ನು ನನಗಿಂತ ಸರಿಯಾಗಿ ಹೇಳುತ್ತಿದ್ದರು.