ಹೊಗೆಯ ಮೇಲಿನ ಸುಂಕ

ನನ್ನ ತಂಗಿಯ ಮಗ ನಾರ್ವೆಯ ಸ್ಟವಾಂಗರ್‌ನಲ್ಲಿದ್ದಾನೆ. ಸಮುದ್ರದ ನಡುವೆ ಎಣ್ಣೆ, ಗ್ಯಾಸು ತೆಗೆಯಬೇಕಾದರೆ ಎಂಥ ಪ್ಲಾಟ್‌ಫಾರ್ಮ್ ಕಟ್ಟಬೇಕು, ಅದಕ್ಕೆ ಕರೆಂಟ್ ಎಲ್ಲಿಂದ ತರಬೇಕು, ಅದರಿಂದ ಎಷ್ಟು ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತೆ ಅಂತ ಮೊದಲೇ ಲೆಕ್ಕ ಹಾಕೋದು ಅವನ ಕೆಲಸ. ಎರಡು ವರ್ಷದ ಹಿಂದೆ ಅವರ ಮನೆಯಲ್ಲಿ ಮೂರು ವಾರ ಇದ್ದೆ. ಒಂದು ರಾತ್ರಿ ಎಲ್ಲರೂ ಊಟಕ್ಕೆ ಕೂತಿದ್ದೆವು. ಒಂಬತ್ತನೇ ಕ್ಲಾಸಿನಲ್ಲಿರುವ ಅವನ ಮಗಳು ತಟ್ಟೆಯಿಂದ ತಲೆ ಎತ್ತದೆ ಕೇಳಿದಳು: "ಅಪ್ಪ, ನೀನು ಕಡಿಮೆ ಮಾಡೋದು ಎಣ್ಣೆ ತೆಗೆಯುವಾಗ ಬರೋ ಹೊಗೆ. ತೆಗೆದ ಎಣ್ಣೇನ ಸುಟ್ಟಾಗ ಬರೋ ಹೊಗೆ ಯಾರ ಲೆಕ್ಕ?"

ಅವನು ಮಾತಾಡಲಿಲ್ಲ. ಹುಡುಗಿ ಎದ್ದು ಹೋದ ಮೇಲೆ ನನಗೆ ಹೇಳಿದ: "ಮಾಮ, ಅವಳಿಗೆ ಕೊಡೋಕೆ ನನ್ನ ಹತ್ರ ಉತ್ತರ ಇದೆ. ಆದ್ರೆ ಅರ್ಧ ಉತ್ತರ. ನೀವು ಚರಿತ್ರೆ ಬರೆಯೋರು, ಇದನ್ನೂ ಒಂದ್ಸಲ ಬರೀರಿ. ನಮ್ಮನ್ನ ಬರೀ ಕಳ್ಳರು ಅಂತ ಮಾತ್ರ ಬರೀಬೇಡಿ."

ಮಾರನೇ ದಿನ ಅಲ್ಲಿನ ಬಂದರಿನ ಪಕ್ಕದಲ್ಲಿರುವ ಪೆಟ್ರೋಲಿಯಂ ಮ್ಯೂಸಿಯಂಗೆ ಹೋದೆ. ಆಮೇಲೆ ಇನ್ನೂ ಎರಡು ಸಲ ಹೋದೆ. ಅಲ್ಲಿ ನೋಡಿದ್ದು, ಊರಿಗೆ ಬಂದ ಮೇಲೆ ಓದಿದ್ದು ಸೇರಿ ಈ ಬರಹ.

ನಾರ್ವೆಯವರಿಗೆ ಎಣ್ಣೆ ಸಿಕ್ಕಿದ್ದು 1969ರ ಕೊನೆಯಲ್ಲಿ, ಉತ್ತರ ಸಮುದ್ರದ ಎಕೋಫಿಸ್ಕ್ ಎಂಬಲ್ಲಿ. ಹುಡುಕಿದ್ದು ಅಮೆರಿಕದ ಫಿಲಿಪ್ಸ್ ಕಂಪನಿ. ಮೀನು, ಹಡಗು, ಜಲವಿದ್ಯುತ್ ನಂಬಿಕೊಂಡಿದ್ದ ದೇಶಕ್ಕೆ ಎಣ್ಣೆಯ ವ್ಯವಹಾರ ತಿಳಿದಿರಲಿಲ್ಲ. ತಿಳಿದವರೊಬ್ಬರು ಅದಕ್ಕೆ ಒಂದು ವರ್ಷ ಮೊದಲೇ ಬಂದು ಬಾಗಿಲು ತಟ್ಟಿದ್ದರು. ಇರಾಕಿನ ಬಸ್ರಾದ ಭೂವಿಜ್ಞಾನಿ ಫಾರೂಕ್ ಅಲ್-ಕಾಸಿಂ. ಹೆಂಡತಿ ನಾರ್ವೆಯವರು. ಮಗನಿಗೆ ಸೆರೆಬ್ರಲ್ ಪಾಲ್ಸಿ ಇತ್ತು, ಚಿಕಿತ್ಸೆಗಾಗಿ ದೊಡ್ಡ ಕೆಲಸ ಬಿಟ್ಟು 1968ರಲ್ಲಿ ಓಸ್ಲೋಗೆ ಬಂದರು. ಹೆಂಡತಿಯ ಊರಿನ ರೈಲಿಗೆ ಇನ್ನೂ ಹೊತ್ತಿತ್ತು. ಅಷ್ಟರಲ್ಲಿ ಕೈಗಾರಿಕಾ ಇಲಾಖೆಗೆ ಹೋಗಿ, ಇಲ್ಲಿ ಯಾವ ಯಾವ ಎಣ್ಣೆ ಕಂಪನಿ ಇದೆ ಅಂತ ಕೇಳಿದರು. ಕೆಲಸ ಕೇಳಲು ಹೋದವರನ್ನು ಇಲಾಖೆಯೇ ಕೆಲಸಕ್ಕೆ ಇಟ್ಟುಕೊಂಡಿತು. ಸರ್ಕಾರದ ಎಣ್ಣೆ ಕಂಪನಿ ಹೇಗಿರಬೇಕು ಅನ್ನೋ ಕರಡು ಬರೆದವರಲ್ಲಿ ಅವರೂ ಒಬ್ಬರು. 1972ರಲ್ಲಿ ಸ್ಟಾಟೊಯಿಲ್ ಹುಟ್ಟಿತು. ಇವತ್ತು ಅದರ ಹೆಸರು ಈಕ್ವಿನೋರ್.

ಅದಕ್ಕೂ ಮೊದಲು, 1971ರಲ್ಲಿ, ನಾರ್ವೆಯ ಪಾರ್ಲಿಮೆಂಟಿನಲ್ಲಿ ಹತ್ತು ಸೂತ್ರಗಳು ಬಂದವು. 'ಎಣ್ಣೆಯ ಹತ್ತು ಕಟ್ಟಳೆ' ಅಂತ ಈಗಲೂ ಕರೀತಾರೆ. ಅದರಲ್ಲಿ ಒಂದು: ಬಳಸಬಹುದಾದ ಗ್ಯಾಸನ್ನು ಸುಮ್ಮನೆ ಉರಿಸಿಬಿಡುವ ಹಾಗಿಲ್ಲ, ಪರೀಕ್ಷೆಯ ಸ್ವಲ್ಪ ಕಾಲ ಬಿಟ್ಟು. ಇದು ಆ ಕಾಲಕ್ಕೆ ಸಣ್ಣ ಮಾತಲ್ಲ. ಎಣ್ಣೆಯ ಜತೆ ಮೇಲೆ ಬರುವ ಗ್ಯಾಸನ್ನು ದಡಕ್ಕೆ ಸಾಗಿಸಲು ಪೈಪು ಬೇಕು, ಪೈಪಿಗೆ ದುಡ್ಡು ಬೇಕು. ಹಾಗಾಗಿ ಕಾಯಿ ಇಟ್ಟುಕೊಂಡು ಸಿಪ್ಪೆ ಒಲೆಗೆ ಹಾಕುವ ಹಾಗೆ, ಎಣ್ಣೆ ತಗೊಂಡು ಗ್ಯಾಸಿಗೆ ಬೆಂಕಿ ಹಚ್ಚೋದು ಲೋಕದ ರೂಢಿ. 1974ರಲ್ಲಿ ಸಿಕ್ಕ ನಮ್ಮ ಬಾಂಬೆ ಹೈನಲ್ಲೂ ಶುರುವಿನ ವರ್ಷಗಳಲ್ಲಿ ಬಹಳಷ್ಟು ಗ್ಯಾಸು ಹಾಗೇ ಉರಿದು ಹೋಯಿತು. ಎಕೋಫಿಸ್ಕ್‌ನಿಂದ 1977ರಲ್ಲಿ ಜರ್ಮನಿಯ ಎಮ್ಡೆನ್‌ಗೆ ಗ್ಯಾಸ್ ಪೈಪು ಮುಟ್ಟಿತು.

ಒಂದು ವಿಷಯ ಗಮನಿಸಿ. 1971ರಲ್ಲಿ ಅವರು ಈ ಕಟ್ಟಳೆ ಮಾಡಿದ್ದು ಭೂಮಿ ಬಿಸಿಯಾಗುತ್ತೆ ಅಂತ ಅಲ್ಲ, ಮಾರಬಹುದಾದ ವಸ್ತು ದಂಡವಾಗಬಾರದು ಅಂತ. ಹೊಗೆ ಕಡಿಮೆಯಾದದ್ದು ಜತೆಗೆ ಬಂದ ಲಾಭ.

ಗಾಳಿಯ ಹೆಸರಲ್ಲೇ ಲೆಕ್ಕ ಶುರುವಾದದ್ದು ಇಪ್ಪತ್ತು ವರ್ಷ ಆದ ಮೇಲೆ. 1987ರಲ್ಲಿ ವಿಶ್ವಸಂಸ್ಥೆಯ ಆಯೋಗವೊಂದು 'ಸುಸ್ಥಿರ ಅಭಿವೃದ್ಧಿ' ಅನ್ನೋ ಮಾತನ್ನು ಲೋಕಕ್ಕೆಲ್ಲ ಹಬ್ಬಿಸಿತು. ಅದರ ಅಧ್ಯಕ್ಷೆ ಗ್ರೋ ಹಾರ್ಲೆಮ್ ಬ್ರುಂಟ್‌ಲಾಂಡ್, ಆಗ ನಾರ್ವೆಯ ಪ್ರಧಾನಿ. ಜಗತ್ತಿಗೆ ಬುದ್ಧಿ ಹೇಳಿದ ಮೇಲೆ ಮನೆಯಲ್ಲೂ ಏನಾದರೂ ಮಾಡಬೇಕಲ್ಲ. 1991ರ ಜನವರಿಯಿಂದ ನಾರ್ವೆಯಲ್ಲಿ ಇಂಗಾಲದ ಡೈಆಕ್ಸೈಡಿನ ಮೇಲೆ ತೆರಿಗೆ ಬಂತು. ಸಮುದ್ರದ ಪ್ಲಾಟ್‌ಫಾರ್ಮ್‌ಗಳಿಗೂ ಅದು ಅನ್ವಯಿಸಿತು.

ಸರಿಯಾಗಿ ಅದೇ ಹೊತ್ತಿಗೆ ಸ್ಟಾಟೊಯಿಲ್‌ನವರ ಮೇಜಿನ ಮೇಲೆ ಸ್ಲೈಪ್‌ನರ್ ಎಂಬ ಗ್ಯಾಸ್ ಕ್ಷೇತ್ರದ ನಕ್ಷೆಗಳಿದ್ದವು. ಅದರ ಪಶ್ಚಿಮ ಭಾಗದ ಗ್ಯಾಸಿನಲ್ಲೊಂದು ದೋಷ. ನೂರಕ್ಕೆ ಸುಮಾರು 9 ಪಾಲು ಇಂಗಾಲದ ಡೈಆಕ್ಸೈಡ್. ಯುರೋಪಿನಲ್ಲಿ ಕೊಳ್ಳುವವರು 2.5ಕ್ಕಿಂತ ಹೆಚ್ಚಿದ್ದರೆ ಒಪ್ಪುತ್ತಿರಲಿಲ್ಲ. ಆದ್ದರಿಂದ ಅದನ್ನು ಬೇರ್ಪಡಿಸಲೇಬೇಕು. ಬೇರ್ಪಡಿಸುವುದು ಹಳೆಯ ವಿದ್ಯೆ: ಒಂದು ಎತ್ತರದ ಗೋಪುರ, ಮೇಲಿನಿಂದ ಅಮೀನ್ ಅನ್ನೋ ರಾಸಾಯನಿಕದ ದ್ರಾವಣ ಇಳಿಯುತ್ತೆ, ಕೆಳಗಿನಿಂದ ಗ್ಯಾಸು ಏರುತ್ತೆ. ದ್ರಾವಣ ಇಂಗಾಲದ ಡೈಆಕ್ಸೈಡನ್ನು ಹಿಡಿದುಕೊಳ್ಳುತ್ತೆ. ಆ ದ್ರಾವಣವನ್ನು ಬೇರೆ ಕಡೆ ಕಾಯಿಸಿದರೆ ಹಿಡಿದದ್ದನ್ನು ಬಿಟ್ಟುಕೊಡುತ್ತೆ. ಹೀಗೆ ಬಿಟ್ಟದ್ದನ್ನು ಎಲ್ಲರೂ ಮಾಡುತ್ತಿದ್ದುದು ಒಂದೇ, ಚಿಮಣಿಯಿಂದ ಗಾಳಿಗೆ.

ಈಗ ಸುಂಕದವನು ಬಂದು ಕೂತಿದ್ದ. ಸ್ಲೈಪ್‌ನರ್ ವರ್ಷಕ್ಕೆ ಬಿಡಬೇಕಾದದ್ದು ಸುಮಾರು 10 ಲಕ್ಷ ಟನ್. ತೆರಿಗೆ ಆಗಿನ ಲೆಕ್ಕದಲ್ಲಿ ಟನ್ನಿಗೆ 50 ಡಾಲರ್ ಆಸುಪಾಸು. ಅಂದರೆ ವರ್ಷಕ್ಕೆ 5 ಕೋಟಿ ಡಾಲರ್. ಅದನ್ನೇ ಒತ್ತಿ, ಇನ್ನೊಂದು ಬಾವಿಯಿಂದ ನೆಲದೊಳಕ್ಕೆ ಇಳಿಸುವ ಯಂತ್ರಗಳಿಗೆ ಬೇಕಾದದ್ದು ಸುಮಾರು 10 ಕೋಟಿ ಡಾಲರ್. ಎರಡು ವರ್ಷದ ಸುಂಕ ಉಳಿದರೆ ಹಾಕಿದ ದುಡ್ಡು ಬಂದ ಹಾಗೆ. ಅಂಗಡಿ ಶೆಟ್ಟರಿಗೂ ಅರ್ಥವಾಗುವ ಲೆಕ್ಕ.

1996ರಲ್ಲಿ ಕೆಲಸ ಶುರುವಾಯಿತು. ಸಮುದ್ರಮಟ್ಟದಿಂದ ಸುಮಾರು 1,000 ಮೀಟರ್ ಆಳದಲ್ಲಿ ಉಟ್ಸಿರಾ ಅನ್ನೋ ಮರಳುಗಲ್ಲಿನ ಪದರವಿದೆ. ಅದರ ತುಂಬ ಉಪ್ಪುನೀರು, ಮೇಲೆ ಮುಚ್ಚಳದ ಹಾಗೆ ಜೇಡಿಶಿಲೆ. ಅಷ್ಟು ಆಳದ ಒತ್ತಡಕ್ಕೆ ಇಂಗಾಲದ ಡೈಆಕ್ಸೈಡ್ ಹೆಚ್ಚುಕಡಿಮೆ ದ್ರವದ ಹಾಗೆ ದಟ್ಟವಾಗಿ ಮರಳಿನ ಸಂದಿಯಲ್ಲಿ ಕೂರುತ್ತೆ. ಹವಾಮಾನದ ಕಾರಣಕ್ಕಾಗಿ ಇಷ್ಟು ದೊಡ್ಡ ಪ್ರಮಾಣದಲ್ಲಿ ಹೀಗೆ ಹೂತದ್ದು ಲೋಕದಲ್ಲಿ ಅದೇ ಮೊದಲು. 1999ರಿಂದ ಮತ್ತೆ ಮತ್ತೆ ಶಬ್ದದ ಅಲೆ ಕಳಿಸಿ ಒಳಗಿನ ಚಿತ್ರ ತೆಗೆದು ನೋಡಿದ್ದಾರೆ. ಹಾಕಿದ್ದು ಮರಳಿನ ಒಂಬತ್ತು ಹಂತಗಳಲ್ಲಿ ಹರಡಿಕೊಂಡಿದೆ, ಮುಚ್ಚಳದ ಕೆಳಗೇ ಇದೆ.

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಪ್ರಯೋಜನ ಇಲ್ಲ ಅಂತ ನಮ್ಮ ಗಾದೆ. ಇಲ್ಲಿ ತಿರುಗುಮುರುಗಾಯಿತು. ಗಾಳಿಯ ದುಃಖವನ್ನು ವಿಜ್ಞಾನಿಗಳು ಎಷ್ಟು ಸಮ್ಮೇಳನಗಳಲ್ಲಿ ಹೇಳಿದರೂ ಆಗದ ಕೆಲಸ ಸುಂಕದವನಿಂದ ಆಯಿತು. ಕೆಲಸ ಆದದ್ದಕ್ಕೆ ಇನ್ನೊಂದು ಕಾರಣ ಅವನು ಬಂದ ಹೊತ್ತು. ನನ್ನ ಸೋದರಳಿಯ ಒತ್ತಿ ಹೇಳಿದ್ದು ಇದನ್ನೇ. "ನಕ್ಷೆ ಪೆನ್ಸಿಲಿನಲ್ಲಿ ಇರೋವಾಗ ಸುಂಕ ಬರಬೇಕು ಮಾಮ. ಪ್ಲಾಟ್‌ಫಾರ್ಮ್ ಕಟ್ಟಿ ನಿಲ್ಲಿಸಿದ ಮೇಲೆ ಅಲ್ಲಿ ಹೊಸ ಯಂತ್ರ ಇಡೋಕೆ ಜಾಗಾನೂ ಇರಲ್ಲ, ಭಾರ ತಡೆಯೋ ಶಕ್ತೀನೂ ಇರಲ್ಲ. ಮೂವತ್ತು ನಲವತ್ತು ವರ್ಷ ಅದೇ ಹೊಗೆ."

ಪ್ಲಾಟ್‌ಫಾರ್ಮಿನ ಹೊಗೆಯಲ್ಲಿ ಹೆಚ್ಚಿನ ಪಾಲು ಅಲ್ಲೇ ಕರೆಂಟ್ ಹುಟ್ಟಿಸುವ, ಪಂಪು ಓಡಿಸುವ ಗ್ಯಾಸ್ ಟರ್ಬೈನುಗಳದ್ದು. ನಾರ್ವೆಯಲ್ಲಿ ನೂರಕ್ಕೆ 80ಕ್ಕೂ ಹೆಚ್ಚು. ಅದಕ್ಕೂ ದಾರಿ ಹುಡುಕಿದ್ದಾರೆ. ಸ್ಲೈಪ್‌ನರ್ ಗ್ಯಾಸು ಹೂಳಲು ಶುರುಮಾಡಿದ 1996ರಲ್ಲೇ ಟ್ರೋಲ್ ಎ ಪ್ಲಾಟ್‌ಫಾರ್ಮ್ ದಡದಿಂದ ಕೇಬಲ್ಲಿನಲ್ಲಿ ಜಲವಿದ್ಯುತ್ ತಗೊಂಡು ಕೆಲಸ ಶುರು ಮಾಡಿತು. 2019ರಲ್ಲಿ ಶುರುವಾದ ಯೋಹಾನ್ ಸ್ವೆರ್ಡ್ರುಪ್ ಕ್ಷೇತ್ರದಲ್ಲೂ ಹೀಗೇ. ದಡದಿಂದ ಸುಮಾರು 140 ಕಿಲೋಮೀಟರ್ ದೂರದಲ್ಲಿ, ಕಂಬ ನೆಡಲಾಗದ ಆಳದಲ್ಲಿ, ತೇಲುವ 11 ಗಾಳಿಯಂತ್ರಗಳಿವೆ. ಹೆಸರು ಹೈವಿಂಡ್ ಟಾಂಪೆನ್. ಸ್ನೂರೆ, ಗುಲ್‌ಫಾಕ್ಸ್ ಕ್ಷೇತ್ರಗಳ ಐದು ಪ್ಲಾಟ್‌ಫಾರ್ಮ್‌ಗಳಿಗೆ ಬೇಕಾದ ಕರೆಂಟಿನಲ್ಲಿ ಮೂರನೇ ಒಂದು ಪಾಲು ಅವು ಕೊಡುತ್ತವೆ ಅನ್ನೋದು ಯೋಜನೆಯ ಲೆಕ್ಕ.

ಇಷ್ಟು ಅವನ ಅರ್ಧ ಉತ್ತರ. ನನಗಂತೂ ಇದು ಕಳ್ಳರ ಕೆಲಸ ಅನ್ನಿಸಲಿಲ್ಲ.

ಆದರೆ ಹುಡುಗಿಯ ಪ್ರಶ್ನೆ ಹಾಗೇ ಉಳಿಯುತ್ತೆ. ಒಂದು ಬ್ಯಾರೆಲ್ ಎಣ್ಣೆ ತೆಗೆಯಲು ನಾರ್ವೆಯಲ್ಲಿ ಸರಾಸರಿ 8 ಕಿಲೋ ಆಸುಪಾಸು ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತೆ. ಯೋಹಾನ್ ಸ್ವೆರ್ಡ್ರುಪ್‌ನಲ್ಲಿ ಒಂದು ಕಿಲೋಗಿಂತ ಕಡಿಮೆ. ಅದೇ ಬ್ಯಾರೆಲ್ಲನ್ನು ಕಾರಿನಲ್ಲೋ ಲಾರಿಯಲ್ಲೋ ಸುಟ್ಟರೆ 400 ಕಿಲೋಗೂ ಹೆಚ್ಚು. ವಿಶ್ವಸಂಸ್ಥೆಯ ಲೆಕ್ಕದಲ್ಲಿ ಹೊಗೆ ಸುಟ್ಟ ದೇಶದ ಖಾತೆಗೆ ಹೋಗುತ್ತೆ, ಮಾರಿದ ದೇಶದ ಖಾತೆಗೆ ಅಲ್ಲ. ಪ್ಲಾಟ್‌ಫಾರ್ಮಿಗೆ ದಡದ ಕರೆಂಟ್ ಕೊಟ್ಟಾಗ ಅಲ್ಲಿ ಉಳಿದ ಗ್ಯಾಸು ಪೈಪಿನಲ್ಲಿ ಹೋಗಿ ಇನ್ನೊಂದು ದೇಶದಲ್ಲಿ ಉರಿಯುತ್ತೆ. ಅಲ್ಲಿ ಕಲ್ಲಿದ್ದಲಿನ ಬದಲಿಗೆ ಉರಿದರೆ ಒಳ್ಳೆಯದು, ಹೆಚ್ಚುವರಿಯಾಗಿ ಉರಿದರೆ ಏನು ಬಂತು? ನಾರ್ವೆಯ ಜನರೇ ಇದನ್ನು ಕೇಳ್ತಾರೆ. ನಮ್ಮ ಹೊಳೆಯ ಕರೆಂಟನ್ನು ಎಣ್ಣೆ ಕಂಪನಿಗೆ ಕೊಟ್ಟು ನಮ್ಮ ಬಿಲ್ಲು ಯಾಕೆ ಏರಿಸ್ತೀರಿ ಅಂತಲೂ ಜಗಳ ಇದೆ.

ಮ್ಯೂಸಿಯಂಗೆ ಮೂರನೇ ಸಲ ಹುಡುಗಿಯನ್ನೂ ಕರಕೊಂಡು ಹೋದೆ. ಅವಳಿಗೆ ಸ್ಲೈಪ್‌ನರಿನ ಇನ್ನೊಂದು ಕಥೆ ಹೇಳಿದೆ. ಈಗ ನಿಂತಿರುವ ಪ್ಲಾಟ್‌ಫಾರ್ಮಿಗಿಂತ ಮೊದಲು ಅದಕ್ಕಾಗಿ ಕಟ್ಟಿದ ಕಾಂಕ್ರೀಟಿನ ಬುಡವೊಂದು 1991ರ ಆಗಸ್ಟ್ 23ರಂದು ಸ್ಟವಾಂಗರ್ ಹತ್ತಿರದ ಫ್ಯೋರ್ಡಿನಲ್ಲೇ ಮುಳುಗಿತು. ಪರೀಕ್ಷೆಗೆಂದು ನೀರಿಗೆ ಇಳಿಸುತ್ತಿದ್ದಾಗ ಗೋಡೆ ಸೀಳಿತು. ತಳಕ್ಕೆ ಬಡಿದ ರಭಸಕ್ಕೆ ರಿಕ್ಟರ್ ಮಾಪಕ 3 ತೋರಿಸಿತು. ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಆಮೇಲೆ ಹುಡುಕಿದರೆ, ಗೋಡೆಗಳು ಕೂಡುವ ಒಂದು ಮೂಲೆಯ ಒತ್ತಡವನ್ನು ಕಂಪ್ಯೂಟರಿನ ಲೆಕ್ಕದಲ್ಲಿ ನೂರಕ್ಕೆ 47ರಷ್ಟು ಕಡಿಮೆ ಹಿಡಿದಿದ್ದರು.

"ಉಳಿದ ಲೆಕ್ಕ ಎಲ್ಲಾ ಸರಿ ಇತ್ತಾ ತಾತ?" ಅಂದಳು.

"ಹೆಚ್ಚುಕಡಿಮೆ ಸರಿ ಇತ್ತಂತೆ," ಅಂದೆ.

ಆವತ್ತು ರಾತ್ರಿ ಅಪ್ಪನ ಹತ್ತಿರ ಅವಳು ಮತ್ತೆ ಅದೇ ವಿಷಯ ತೆಗೆದಳು. ಈ ಸಲ ಜಗಳವಾಗಲಿಲ್ಲ. ಅವನು ಒಂದು ಹಾಳೆ ತಂದು 8 ಮತ್ತು 400 ಎರಡನ್ನೂ ಬರೆದು ಮೇಜಿನ ಮೇಲಿಟ್ಟ. "ನನ್ನ ಕೈಲಿರೋದು ಈ 8, ಮಗಳೇ. ಅದನ್ನ ನಾನು ಬಿಡಲ್ಲ. ಆದ್ರೆ 400 ಇಲ್ಲ ಅಂತ ಯಾವತ್ತೂ ಹೇಳಲ್ಲ."

ಹಾಳೆಯನ್ನು ಅವಳು ಮಡಿಸಿ ಸ್ಕೂಲಿನ ಬ್ಯಾಗಿಗೆ ಹಾಕಿಕೊಂಡಳು. 400ರ ಬಾಗಿಲಲ್ಲಿ ಸುಂಕದವನು ಇನ್ನೂ ಎಲ್ಲ ದೇಶಗಳಲ್ಲಿ ಕೂತಿಲ್ಲ. ನಮ್ಮ ಮನೆಯ ಸ್ಕೂಟರು, ನಮ್ಮ ಅಡುಗೆ ಗ್ಯಾಸು ಎಲ್ಲ ಆ ಖಾತೆಯಲ್ಲೇ ಇದೆ. ನಾರ್ವೆಯವರನ್ನು ಕಳ್ಳರು ಅಂತ ಬರೆಯೋದಾದರೆ ಪಟ್ಟಿಯಲ್ಲಿ ಮೊದಲು ನನ್ನ ಹೆಸರು ಬರೀಬೇಕಾಗುತ್ತೆ.